ಕೈಯಲ್ಲಿ ಎಪ್ಪತ್ತಾರು

ನರ್ಸುಗಳ ವಸತಿ, ಬೆಂಗಳೂರು ದಂಡು
೧೫ ಜನವರಿ ೧೯೪೩

ಪ್ರೀತಿಯ ಅಣ್ಣ ಸಂಜೀವಪ್ಪನಿಗೆ,

ನಾನು ಕ್ಷೇಮ, ಅತ್ತೆಯೂ ಕ್ಷೇಮ. ಅಪ್ಪನ ಹೆಸರನ್ನು ಈ ಸಲ ಇದೇ ಸಾಲಿಗೆ ಸೇರಿಸಲಾಗುತ್ತಿಲ್ಲ. ಮೊನ್ನೆ ಬುಧವಾರ ಅವನು ನನ್ನ ವಾರ್ಡಿಗೇ ಬಂದು ಸೇರಿದ್ದಾನೆ. ಗಾಬರಿಯಾಗದೆ ಪೂರ್ತಿ ಓದು.

ಊರಿನಲ್ಲೆಲ್ಲ ಫ್ಲೂ ಜ್ವರ ಹಬ್ಬಿದೆ. ಬೇಕರಿಯಲ್ಲಿ ಒಲೆಯ ಮುಂದೆ ನಿಂತಿದ್ದವನು ಹಿಟ್ಟು ನಾದುವ ತೊಟ್ಟಿಗೆ ಒರಗಿ ಹಾಗೇ ಕುಸಿದು ಕೂತನಂತೆ. ಯಜಮಾನರಾಗಿಯೂ ಅಕ್ತರ್ ಸಾಹೇಬರು ತಾವೇ ಜಟಕಾ ಹತ್ತಿಸಿಕೊಂಡು ಫ್ರೇಜರ್ ಟೌನಿನಿಂದ ಇಲ್ಲಿಗೆ ಕರೆತಂದರು. ದಾರಿಯುದ್ದಕ್ಕೂ ಅಪ್ಪನದು ಒಂದೇ ಮಾತು: "ಎರಡ್ನೇ ಸಲದ ಬ್ರೆಡ್ಡು ಒಳಗೈತೆ, ಯಾರ್ ತೆಗೀತಾರೆ?" ಸಾಹೇಬರು, "ಸುಟ್ರೆ ಸುಡ್ಲಿ ಭಾಯ್, ನೀವ್ ಸುಮ್ನೆ ಕೂತ್ಕೊಳಿ" ಎಂದು ಗದರಿಸಿದರಂತೆ. ಮೂವತ್ತು ವರ್ಷದಲ್ಲಿ ಅಪ್ಪ ಬ್ರೆಡ್ಡು ಸುಡಲು ಬಿಟ್ಟದ್ದು ಇದೇ ಮೊದಲು.

ನಮ್ಮ ವಾರ್ಡಿನಲ್ಲಿ ಇಪ್ಪತ್ತೆಂಟು ಮಂಚ, ನಲವತ್ತೆರಡು ರೋಗಿಗಳು. ಉಳಿದವರಿಗೆ ವರಾಂಡದಲ್ಲಿ ಹಾಸಿಗೆ. ನರ್ಸುಗಳಲ್ಲೂ ನಾಲ್ವರು ಜ್ವರ ಬಂದು ಮಲಗಿರುವುದರಿಂದ ದೊಡ್ಡ ಸಿಸ್ಟರ್ ನನಗೆ, "ನಿಮ್ಮಪ್ಪನ ಚಾರ್ಟು ನೀನೇ ನೋಡ್ಕೊ" ಎಂದು ಬಿಟ್ಟುಕೊಟ್ಟಿದ್ದಾರೆ. ಅಪ್ಪನಿಗೋ ಮಗಳು ಬಿಳಿ ಟೋಪಿ ಹಾಕಿಕೊಂಡು ಬಾಯಿಗೆ ಥರ್ಮಾಮೀಟರ್ ಇಡುವುದೇ ಒಂದು ಸೋಜಿಗ.

ಚಿಕ್ಕಮುನಿಯಮ್ಮತ್ತೆಯ ಆಳ್ವಿಕೆ ಬೇರೆ. ಹಲಸೂರಿನಿಂದ ನಡೆದೇ ಬಂದು, ಬಿಸಿ ಎಳ್ಳೆಣ್ಣೆಗೆ ಕರ್ಪೂರ ಹಾಕಿ ಅಪ್ಪನ ಎದೆಗೆಲ್ಲ ತಿಕ್ಕಿ, ಹಳೇ ಫ್ಲಾನೆಲ್ ಬಟ್ಟೆಯನ್ನು ನಾಲ್ಕು ಸುತ್ತು ಬಿಗಿದು ಕಟ್ಟಿದ್ದಾಳೆ. "ಏಳು ದಿವ್ಸ ಇದನ್ನ ಯಾರೂ ಬಿಚ್ಚಕೂಡ್ದು. ಎದೆಗೆ ಗಾಳಿ ಸೋಕ್ತೋ, ಜ್ವರ ಒಳಕ್ಕಿಳಿಯುತ್ತೆ" ಎಂದು ಅಪ್ಪಣೆ. ಬೇರೆಯವರ ಮನೆಯ ಇಂಥ ಕಟ್ಟುಗಳನ್ನು ನಾನು ವಾರ್ಡಿನ ಬಾಗಿಲಲ್ಲೇ ಕತ್ತರಿಸಿ ಹಾಕುತ್ತೇನೆ. ಅತ್ತೆಯದನ್ನು ಮುಟ್ಟುವ ಧೈರ್ಯ ನನಗೆಲ್ಲಿದೆ ಹೇಳು. ಅಮ್ಮ ಹೋದ ಮೇಲೆ ನಮ್ಮಿಬ್ಬರ ತಲೆ ಬಾಚಿದ ಕೈ ಅದು.

ಈಗ ನಿನಗೆ ಬೇಕಾದದ್ದು: ಜ್ವರ ನೂರಾ ಎರಡು, ನಾಡಿ ಎಪ್ಪತ್ತಾರು. ಡಾಕ್ಟರೂ ಚಾರ್ಟು ನೋಡಿ "ಒಳ್ಳೇ ನಾಡಿ" ಎಂದರು. ಇಪ್ಪತ್ತೆಂಟರಿಂದ ಹದಿನೈದು ದಿನ ರಜೆ ಸಿಗುತ್ತದೆ, ಬರಲೋ ಬೇಡವೋ ಎಂದು ನೀನು ಹಿಂದಿನ ಕಾಗದದಲ್ಲಿ ಕೇಳಿದ್ದೆ. ಅಪ್ಪನಿಗಾಗಿ ಓಡಿ ಬರುವ ಅಗತ್ಯವಿಲ್ಲ. ರಜೆಯನ್ನು ವೈಶಾಖ ಹುಣ್ಣಿಮೆಗೆ ಇಟ್ಟುಕೊಂಡರೆ ಮನೆಯಲ್ಲಿ ಎಲ್ಲರೂ ಕೂಡಿ ದೀಪ ಹಚ್ಚಬಹುದು. ಅಪ್ಪ ನಿನ್ನನ್ನು ವಿಚಾರಿಸಿದ. ನೀನು ಹೇಳದೆ ಕೇಳದೆ ಬೇಕರಿಯ ಒಲೆ ಬಿಟ್ಟು ಸೈನ್ಯ ಸೇರಿದ್ದನ್ನು ಮರೆಯುತ್ತಿರುವ ಹಾಗೆ ಕಾಣುತ್ತದೆ.

ನಿನ್ನ ತಂಗಿ,
ಆದಿಲಕ್ಷ್ಮಿ


ಬೆಂಗಳೂರು ದಂಡು
೧೯ ಜನವರಿ ೧೯೪೩

ಅಣ್ಣ,

ಅಪ್ಪನ ಜ್ವರ ಇಳಿದಿದೆ. ಡಾಕ್ಟರು ಹೊಸ ಔಷಧಿ ಶುರುಮಾಡಿದ್ದಾರೆ. ಯಾವುದೋ ಪರದೇಶದ ಗಿಡದ ಎಲೆಯಿಂದ ಮಾಡಿದ್ದು, ದಿನಕ್ಕೆ ಇಷ್ಟು ಹನಿ ಎಂದು ಎಣಿಸಿ ಕೊಡಬೇಕು. ಅತ್ತೆಯ ಬಟ್ಟೆಯನ್ನು ಬಿಚ್ಚಿದ್ದಾಯಿತು. ಇನ್ನೂ ಕೆಲವು ದಿನ ಇಲ್ಲೇ ಇರಬೇಕಾಗುತ್ತದೆ.

ಡ್ಯೂಟಿ ಜಾಸ್ತಿ. ಆಮೇಲೆ ಬರೆಯುತ್ತೇನೆ.

ಆದಿಲಕ್ಷ್ಮಿ


ಜಬ್ಬಲ್ಪುರ
೨೦ ಜನವರಿ ೧೯೪೩

ಆದಿ,

ನಿನ್ನ ಹದಿನೈದರ ಕಾಗದ ನಿನ್ನೆ ಸಿಕ್ಕಿತು. ಮೊದಲ ಎರಡು ಸಾಲು ಓದಿ ತಟ್ಟೆ ಪಕ್ಕಕ್ಕಿಟ್ಟೆ. ನಿನ್ನ ಎಪ್ಪತ್ತಾರನ್ನು ಓದಿದ ಮೇಲೆ ಊಟ ಇಳಿಯಿತು. ನಮ್ಮ ಶೆಡ್ಡಿನಲ್ಲಿ ಗಾಯಕ್ಕೆ ಔಷಧಿ ಹಚ್ಚುವವನೊಬ್ಬನಿದ್ದಾನೆ, ಅವನನ್ನೂ ಕೇಳಿದೆ. ಎಪ್ಪತ್ತಾರು ಎಂದರೆ ಕುದುರೆಯಂಥ ಆಳು ಎಂದ. ನೀನು ಓದಿ ನರ್ಸಾದದ್ದು ಸಾರ್ಥಕ.

ನೀನು ಬರೆದ ಹಾಗೇ ಆಗಿದೆ. ನನ್ನ ರಜೆಯ ಸರದಿಯನ್ನು ಮುನಿಆಂಜನಪ್ಪನಿಗೆ ಬಿಟ್ಟುಕೊಟ್ಟೆ. ಕೃಷ್ಣರಾಜಪುರದ ಕಡೆಯವನು, ನನ್ನ ಜೊತೆ ರಿಪೇರಿಗೆ ಬಂದ ಲಾರಿಗಳ ಕೆಳಗೆ ಮಲಗಿ ಗ್ರೀಸು ಬಳಿದುಕೊಳ್ಳುವವನು. ಅವನ ಹೆಂಡತಿಗೆ ಇದೇ ತಿಂಗಳು ದಿನ ತುಂಬುತ್ತದೆ. ಸುದ್ದಿ ಕೇಳಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. "ಗಂಡಾದ್ರೆ ನಿನ್ ಹೆಸ್ರೇ ಮಗಾ" ಎಂದಿದ್ದಾನೆ. ಹೆಣ್ಣಾಗಲಿ ಎಂದು ನಾನು ಹರಕೆ ಹೊತ್ತಿದ್ದೇನೆ.

ಅಪ್ಪ ನನ್ನನ್ನು ವಿಚಾರಿಸಿದ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಏನೆಂದು ವಿಚಾರಿಸಿದ? ಅವನು ಆಡಿದ ಹಾಗೇ, ಮಾತಿಗೆ ಮಾತು ಬರೆ. ಬೈದಿದ್ದರೆ ಬೈಗುಳವನ್ನೂ ಬರೆ.

ನಿನ್ನ ಅಣ್ಣ,
ಸಂಜೀವಪ್ಪ


ಬೆಂಗಳೂರು ದಂಡು
೨೭ ಜನವರಿ ೧೯೪೩

ಅಣ್ಣ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಅದನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡಿದೆ. ಇನ್ನು ತಡೆಯುವುದು ಸಾಧ್ಯವಿಲ್ಲ. ನಾನು ಬರೆದ ಎಪ್ಪತ್ತಾರು ಸುಳ್ಳು.

ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಜ್ವರ ತೊಂಬತ್ತೊಂಬತ್ತಕ್ಕೆ ಇಳಿದಿತ್ತು. ಆದರೆ ಅಪ್ಪನಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಪಾದ ಊದಿತ್ತು. ನೀರು ಕುಡಿಸಲು ಬಂದ ಆಯಾ ಬೈರಮ್ಮ, "ಇವ್ರ ಕುತ್ಗೇಲಿ ನರ ಹೆಂಗೆ ಕುಣೀತೈತೆ ನೋಡಕ್ಕ" ಎಂದಳು. ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬಂದರು. "ಕತ್ತರಿ ಕೊಡು" ಎಂದರು. "ಅತ್ತೆ ಏಳು ದಿವ್ಸ ಬಿಚ್ಚಬೇಡ ಅಂದಿದಾರೆ ಸಿಸ್ಟರ್" ಎಂದೆ ನಾನು. ಮೂರು ವರ್ಷ ಕಲಿತ ನರ್ಸು ಆಡುವ ಮಾತೇ ಇದು? ಅವರು ಬಟ್ಟೆ ಕತ್ತರಿಸಿ ಎದೆಗೆ ಸ್ಟೆತಾಸ್ಕೋಪಿನ ಕೊಳವೆ ಇಟ್ಟರು. ನನಗೆ ಕೈ ಹಿಡಿಯಲು ಹೇಳಿ, ಗಡಿಯಾರವನ್ನು ನಮ್ಮಿಬ್ಬರ ನಡುವೆ ಹಾಸಿಗೆಯ ಮೇಲಿಟ್ಟರು. ಪೂರ್ತಿ ಒಂದು ನಿಮಿಷ ಇಬ್ಬರೂ ಎಣಿಸಿದೆವು.

"ನಿಂದು?" ಎಂದರು.

"ಎಪ್ಪತ್ತಾರು."

ಅವರು ತಮ್ಮದನ್ನು ಹೇಳಲಿಲ್ಲ, ಚಾರ್ಟಿನಲ್ಲಿ ಬರೆದರು. ನೂರಾ ಮೂವತ್ತೆರಡು.

ಅಪ್ಪನ ಹೃದಯ ತಾಳ ತಪ್ಪಿ ಮನಸ್ಸಿಗೆ ಬಂದ ಹಾಗೆ ಓಡುತ್ತಿತ್ತು. ಅವಸರದಲ್ಲಿ ಬಡಿದ ಬಡಿತಕ್ಕೆ ಬಲವಿರುವುದಿಲ್ಲ, ಅದು ಕೈಯವರೆಗೆ ಬಂದು ಮುಟ್ಟುವುದೇ ಇಲ್ಲ. ಮುಟ್ಟಿದಷ್ಟನ್ನು ಎಣಿಸಿ ನಾನು ನಿನಗೆ ಬರೆದೆ. ಡಾಕ್ಟರು ದಿನಕ್ಕೆ ಮೂರು ವಾರ್ಡು ಸುತ್ತುವವರು, ಕಟ್ಟಿನ ಮೇಲಿಂದಲೇ ಬೆನ್ನಿಗೆ ಕೊಳವೆ ಇಟ್ಟು, ನನ್ನ ಚಾರ್ಟು ನಂಬಿ ಮುಂದೆ ಹೋಗಿದ್ದರು. ಈ ಜ್ವರ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲವಂತೆ, ಕೆಲವರಲ್ಲಿ ಹೃದಯವನ್ನೂ ಕೆಣಕುತ್ತದಂತೆ. ಅದೇ ದಿನ ಸಿಸ್ಟರ್ ನನ್ನನ್ನೂ ಜೊತೆಯ ನರ್ಸು ಬದ್ರುನ್ನೀಸಾಳನ್ನೂ ಜೋಡಿ ಮಾಡಿ ಎಲ್ಲ ರೋಗಿಗಳ ಎದೆಯನ್ನೂ ಕೈಯನ್ನೂ ಒಟ್ಟಿಗೆ ಎಣಿಸಿಸಿದರು. ನಲವತ್ತೆರಡು ಜನರಲ್ಲಿ ಅಪ್ಪನೂ ಸೇರಿ ಐವರ ಲೆಕ್ಕ ಕೂಡಲಿಲ್ಲ. ಒಬ್ಬರು ಹೊಸಕೋಟೆಯ ಮೇಷ್ಟ್ರು, ಶುಕ್ರವಾರ ತೀರಿಕೊಂಡರು.

ಸಿಸ್ಟರ್ ಬೈಯಲಿಲ್ಲ. ಒಂದೇ ಒಂದು ಕೇಳಿದರು. "ಜ್ವರ ಏರಿದ್ರೆ ನಾಡೀನೂ ಏರ್ಬೇಕಲ್ವಾ? ನೂರಾ ಎರಡು ಜ್ವರ ಇಟ್ಕೊಂಡು ಎಪ್ಪತ್ತಾರು ಬರೀವಾಗ ನಿಂಗೆ ಏನೂ ಅನ್ನಿಸ್ಲಿಲ್ವಾ?"

ಅನ್ನಿಸಿತ್ತು, ಅಣ್ಣ. ಇದನ್ನು ಅವರಿಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ. ಕೈಯಲ್ಲಿ ನಾಡಿ ನಡುನಡುವೆ ಎಡವುತ್ತಿತ್ತು. ಕೆಮ್ಮಿಗೆ ಕೈ ಅಲುಗುತ್ತಿದೆ ಎಂದುಕೊಂಡೆ. ನಾವು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ರೂಢಿ. ಒಮ್ಮೆ ಹದಿನಾಲ್ಕು ಬಂತು, ಒಮ್ಮೆ ಇಪ್ಪತ್ಮೂರು ಬಂತು. ಹತ್ತೊಂಬತ್ತು ಬರುವವರೆಗೆ ಮತ್ತೆ ಮತ್ತೆ ಎಣಿಸಿ, ಬಂದಾಗ ನಿಲ್ಲಿಸಿ ಎಪ್ಪತ್ತಾರು ಎಂದು ಬರೆದೆ. ಅವನು ಬೇರೆ ಯಾರೋ ಆಗಿದ್ದರೆ ಓಡಿಹೋಗಿ ಸಿಸ್ಟರನ್ನು ಕರೆಯುತ್ತಿದ್ದೆ. ಅಪ್ಪನಾದದ್ದರಿಂದ ಒಳ್ಳೆಯ ಸಂಖ್ಯೆ ಬೇಕಾಗಿತ್ತು.

ಈಗ ಡಿಜಿಟಾಲಿಸ್ ಎಂಬ ಆ ಎಲೆಯ ಔಷಧಿಯ ಹನಿ ಕೊಡುತ್ತಿದ್ದಾರೆ. ಹೃದಯದ ಓಟ ತೊಂಬತ್ತಾರಕ್ಕೆ ಇಳಿದಿದೆ, ತಾಳ ಮಾತ್ರ ಕೂಡಿಲ್ಲ. ಅತ್ತೆಗೆ ಏನನ್ನೂ ಹೇಳಿಲ್ಲ. ಅವಳ ಬಟ್ಟೆಯ ತಪ್ಪಲ್ಲ ಅದು. ಕತ್ತರಿ ನನ್ನ ಜೇಬಿನಲ್ಲಿತ್ತು.

ನನ್ನ ಮಾತು ನಂಬಿ ನೀನು ರಜೆ ಬಿಟ್ಟುಕೊಟ್ಟೆ. ಏನೆಂದು ಕ್ಷಮೆ ಕೇಳಬೇಕೋ ಗೊತ್ತಾಗುತ್ತಿಲ್ಲ.

ಆದಿಲಕ್ಷ್ಮಿ


ಹಲಸೂರು
೧೦ ಫೆಬ್ರವರಿ ೧೯೪೩

ಅಣ್ಣ,

ಎರಡು ವಾರವಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ಕೋಪ ಬಂದಿರಬೇಕು. ಬರಬೇಕಾದದ್ದೇ. ಆದರೂ ಅಪ್ಪನ ಸುದ್ದಿ ನಿನಗೆ ತಲುಪಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಉತ್ತರಕ್ಕಾಗಿ ಅಲ್ಲ.

ಆರನೇ ತಾರೀಖು ಅಪ್ಪನನ್ನು ಮನೆಗೆ ಕಳಿಸಿದರು. ಸಿಸ್ಟರ್ ನನಗೆ ಸಾಯಂಕಾಲ ಮನೆಗೆ ಹೋಗಿ ಬರಲು ಒಪ್ಪಿಗೆ ಕೊಟ್ಟಿದ್ದಾರೆ. ಔಷಧಿ ಕೊಡುವ ಮೊದಲು ಪ್ರತಿ ಸಲವೂ ಎದೆ ಮತ್ತು ಕೈ ಎರಡನ್ನೂ ಎಣಿಸಬೇಕು, ಎದೆಯದು ಅರವತ್ತಕ್ಕಿಂತ ಕಡಿಮೆಯಿದ್ದರೆ ಹನಿ ಕೊಡಕೂಡದು. ಎದೆ ನಾನು ನೋಡುತ್ತೇನೆ. ಕೈ ನೋಡಲು ಇನ್ನೊಬ್ಬರು ಬೇಕಲ್ಲ, ಅತ್ತೆಯನ್ನು ಕೂರಿಸಿದೆ. ಅವಳಿಗೆ ಇಪ್ಪತ್ತರ ಮೇಲೆ ಎಣಿಕೆ ಬಾರದು. ಎರಡು ಬಟ್ಟಲು ಇಟ್ಟುಕೊಂಡು, ಒಂದು ಬಡಿತಕ್ಕೆ ಒಂದು ಹುಣಸೆಬೀಜದಂತೆ ಆ ಬಟ್ಟಲಿನಿಂದ ಈ ಬಟ್ಟಲಿಗೆ ಹಾಕುತ್ತಾಳೆ. ಆಮೇಲೆ ನಾನು ಬೀಜ ಎಣಿಸುತ್ತೇನೆ. ಅಣ್ಣ, ನಮ್ಮ ವಾರ್ಡಿನಲ್ಲಿ ಇಷ್ಟು ಪ್ರಾಮಾಣಿಕವಾಗಿ ಎಣಿಸುವವರು ಯಾರೂ ಇಲ್ಲ. ಅಪ್ಪ ಕೈ ಅಲುಗಿಸಿದರೆ, "ಸುಮ್ನೆ ಇರೋ, ಬೀಜ ತಪ್ಪುತ್ತೆ" ಎಂದು ಗದರುತ್ತಾಳೆ. ನಿನ್ನೆ ಎದೆಯಲ್ಲಿ ಎಂಬತ್ತೆಂಟು, ಬಟ್ಟಲಿನಲ್ಲಿ ಎಪ್ಪತ್ತೇಳು.

ಅಪ್ಪ ಬಾಗಿಲ ಹತ್ತಿರ ಬಿಸಿಲಿಗೆ ಕೂರುತ್ತಾನೆ. ಎರಡು ಹೆಜ್ಜೆ ಹಾಕಿದರೆ ಏದುಸಿರು. ಒಲೆಯ ಕೆಲಸ ಇನ್ನು ಮುಗಿದಂತೆ ಎಂದು ಡಾಕ್ಟರು ಹೇಳಿದ್ದನ್ನು ಅವನಿಗೆ ಹೇಳಿದವಳೂ ನಾನೇ. "ಹೌದಾ" ಎಂದ, ಅಷ್ಟೇ.

ಆದಿಲಕ್ಷ್ಮಿ


ಜಬ್ಬಲ್ಪುರ
೧೪ ಫೆಬ್ರವರಿ ೧೯೪೩

ಆದಿ,

ನಿನ್ನ ಎರಡೂ ಕಾಗದ ನನ್ನ ಮುಂದಿವೆ. ಉತ್ತರ ಬರೆದು ಮೂರು ಸಲ ಹರಿದೆ. ಕೋಪ ಬಂದಿದ್ದು ನಿಜ, ಒಂದು ದಿನದ ಮಟ್ಟಿಗೆ. ಎರಡನೆಯ ದಿನ ಕೋಪ ಹೋಗಿ ನಾಚಿಕೆ ಬಂತು. ಯಾಕೆಂದು ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತು.

ನಿನ್ನ ಮೊದಲ ಕಾಗದ ನನ್ನ ಕೈಗೆ ಬಂದದ್ದು ಜನವರಿ ಹತ್ತೊಂಬತ್ತಕ್ಕೆ. ಮುನಿಆಂಜನಪ್ಪನಿಗೆ ನಾನು ರಜೆ ಬಿಟ್ಟುಕೊಟ್ಟದ್ದು ಹದಿನೇಳಕ್ಕೆ. ಅಪ್ಪನಿಗೆ ಜ್ವರ ಎಂಬುದೇ ಆಗ ನನಗೆ ಗೊತ್ತಿರಲಿಲ್ಲ. ರಜೆಯ ಚೀಟಿ ಕೈಗೆ ಬಂದ ದಿನವೇ ಎದೆ ಕುಗ್ಗಿತ್ತು. ಅಪ್ಪನ ಮುಂದೆ ಹೋಗಿ ನಿಲ್ಲಬೇಕಲ್ಲ, ಏನು ಹೇಳಲಿ? ಒಲೆ ಕಾಯಲಾರೆ ಎಂದು ಅವನಿಗೆ ಮುಖ ಕೊಟ್ಟು ಹೇಳಲಾರದೆ, ಬೇಕರಿಯಲ್ಲಿ ಕೆಲಸದ ವಾಜಿದನ ಹತ್ತಿರ ಹೇಳಿ ಕಳಿಸಿ ರೈಲು ಹತ್ತಿದವನು ನಾನು. ಮುನಿಆಂಜನಪ್ಪನ ಹೆಂಡತಿಯ ಬಸಿರು ನನಗೊಂದು ನೆಪವಾಯಿತು. ಆಮೇಲೆ ನಿನ್ನ ಕಾಗದ ಬಂತು, ಅದರಲ್ಲಿ ಎಪ್ಪತ್ತಾರು ಇತ್ತು. ಕಳ್ಳನಿಗೆ ದಾರಿ ತೋರಿಸಿದ ಹಾಗಾಯಿತು. ನೀನು ಬೇಡ ಎಂದದ್ದಕ್ಕೆ ಬಿಟ್ಟುಕೊಟ್ಟೆ ಎಂದು ಬರೆದು ಕೈ ತೊಳೆದುಕೊಂಡೆ.

ಹತ್ತೊಂಬತ್ತನೆಯ ತಾರೀಖಿನ ನಿನ್ನ ಚಿಕ್ಕ ಕಾಗದ ನೋಡಿದಾಗಲೇ ಏನೋ ಸರಿಯಿಲ್ಲ ಎಂದು ಗೊತ್ತಾಗಿತ್ತು. ನೀನು ನಾಲ್ಕು ಸಾಲಿಗೆ ನಿಲ್ಲಿಸುವವಳಲ್ಲ. ಆದರೂ ಏನಾಯಿತೆಂದು ಕೇಳಲಿಲ್ಲ. ನಿನ್ನ ಹಾಗೆಯೇ ನನಗೂ ಒಳ್ಳೆಯ ಸಂಖ್ಯೆ ಸಾಕಾಗಿತ್ತು.

ರಜೆಯ ಪಾಪವನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಮತ್ತೆ ಅರ್ಜಿ ಹಾಕಿದ್ದೇನೆ. ಮಾರ್ಚಿನಲ್ಲಿ ನೋಡೋಣ ಎಂದಿದ್ದಾರೆ. ಅಪ್ಪನಿಗೆ ಅಷ್ಟು ದಿನ ಇದೆಯೋ ಇಲ್ಲವೋ, ಈ ಸಲ ಇದ್ದದ್ದು ಇದ್ದ ಹಾಗೆ ಬರೆ.

ಸಂಜೀವಪ್ಪ

ಮುನಿಆಂಜನಪ್ಪನಿಗೆ ಹೆಣ್ಣು ಮಗು. ನನ್ನ ಹರಕೆ ಫಲಿಸಿತು.


ಹಲಸೂರು
೨೦ ಫೆಬ್ರವರಿ ೧೯೪೩

ಅಣ್ಣ,

ನಿನ್ನ ಕಾಗದ ಓದಿ ಮೊದಲು ಹಗುರವಾಯಿತು, ಆಮೇಲೆ ಚೆನ್ನಾಗಿ ಸಿಟ್ಟು ಬಂತು. ಒಂದು ತಿಂಗಳು ನಾನು ಅನ್ನ ನುಂಗಿದ್ದು ಹೇಗೆಂದು ನಿನಗೇನು ಗೊತ್ತು? ಬಂದಾಗ ಮುಖಾಮುಖಿ ಬೈಯುತ್ತೇನೆ, ಅದಕ್ಕಾದರೂ ಬಾ.

ಇದ್ದದ್ದು ಇದ್ದ ಹಾಗೆ ಕೇಳಿದ್ದೀಯ. ಡಾಕ್ಟರನ್ನು ಹಾಗೇ ಕೇಳಿದೆ. "ವರ್ಷ ಇರ್ಬೋದು, ತಿಂಗ್ಳು ಇರ್ಬೋದು. ಸೋತಿರೋ ಹೃದಯ, ತಾಳ ಇನ್ನು ಕೂಡೋದಿಲ್ಲ" ಎಂದರು. ಅಪ್ಪನಿಗೆ ಇದು ಗೊತ್ತಿದೆ ಎಂದೇ ನನ್ನ ಅನಿಸಿಕೆ. ಅವನು ಕೇಳಿಲ್ಲ, ನಾವು ಹೇಳಿಲ್ಲ.

ಇನ್ನೊಂದು ಸುಳ್ಳೂ ಉಳಿದಿದೆ. ಅಪ್ಪ ನಿನ್ನನ್ನು ವಿಚಾರಿಸಲಿಲ್ಲ. ಆವತ್ತು ನಾನೇ ನಿನ್ನ ಹೆಸರೆತ್ತಿದೆ. ಗೋಡೆಯ ಕಡೆ ತಿರುಗಿ ಮಲಗಿದ. ಇದನ್ನು ತಿಳಿದೇ ಬರುವುದಾದರೆ ಬಾ. ಅವನು ಮಾತಾಡಿಸುತ್ತಾನೆ ಎಂದು ನಾನು ಭರವಸೆ ಕೊಡಲಾರೆ.

ಆದಿಲಕ್ಷ್ಮಿ


ಜಬ್ಬಲ್ಪುರ
೫ ಮಾರ್ಚ್ ೧೯೪೩

ಆದಿ,

ರಜೆ ಸಿಕ್ಕಿತು. ಎಂಟನೇ ತಾರೀಖು ಇಲ್ಲಿಂದ ಹೊರಟರೆ ಹನ್ನೊಂದಕ್ಕೆ ದಂಡಿನ ಸ್ಟೇಷನ್ನು. ಎದುರುಗೊಳ್ಳಲು ಬರಬೇಡ, ಡ್ಯೂಟಿ ತಪ್ಪಿಸಬೇಡ. ಅಪ್ಪನಿಗೆ ಮೊದಲೇ ಹೇಳಿಬಿಡು. ಬೇಡ ಎಂದರೂ ಬರುತ್ತೇನೆ ಎಂದೂ ಹೇಳು.

ಸಂಜೀವಪ್ಪ


ಜಬ್ಬಲ್ಪುರ
೨೯ ಮಾರ್ಚ್ ೧೯೪೩

ಆದಿ,

ಬಂದು ತಲುಪಿದೆ. ಅತ್ತೆ ಕಟ್ಟಿಕೊಟ್ಟ ಹುರಿಟ್ಟು ಎರಡನೆಯ ದಿನಕ್ಕೇ ಮುಗಿಯಿತು, ರೈಲಿನಲ್ಲಿ ಅರ್ಧ ಬೋಗಿಯ ಜನ ತಿಂದರು.

ಮನೆಯಲ್ಲಿದ್ದಾಗ ನಿನಗೆ ಹೇಳಲಾಗದ್ದು ಒಂದಿದೆ. ಅದಕ್ಕೆ ಬರೆಯುತ್ತೇನೆ. ನೀನು ಕಂಡಷ್ಟು ದಿನವೂ ಅಪ್ಪ ನನ್ನ ಹತ್ತಿರ "ಉಂಡ್ಯಾ", "ಮಲಗ್ದ್ಯಾ" ಎನ್ನುವುದರ ಆಚೆಗೆ ಆಡಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ನೀನು ವಾರ್ಡಿನಲ್ಲಿದ್ದೆ, ಅತ್ತೆ ಕೆರೆಯ ಕಡೆ ಹೋಗಿದ್ದಳು. ಅಪ್ಪ ಇದ್ದಕ್ಕಿದ್ದಂತೆ ಕೇಳಿದ.

"ಆ ಲಾರಿ ಎಂಜಿನ್ನು ಹೆಂಗ್ ಹೊತ್ಕೊಳ್ಳುತ್ತೆ?"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆಲದ ಮೇಲೆ ಇದ್ದಿಲಿನಲ್ಲಿ ಗೀಚಿ ತೋರಿಸಿದೆ. ಪೆಟ್ರೋಲು ಎಲ್ಲಿಂದ ಬರುತ್ತದೆ, ಗಾಳಿ ಎಲ್ಲಿ ಸೇರುತ್ತದೆ, ಕಿಡಿ ಎಲ್ಲಿ ಹಾರುತ್ತದೆ, ಎಲ್ಲ ಹೇಳಿದೆ. ಅವನು ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದ.

"ಬಿಸಿ ಎಷ್ಟಾಯ್ತು ಅಂತ ಹೆಂಗ್ ಗೊತ್ತಾಗುತ್ತೆ?"

"ಮುಳ್ಳು ಇರ್ತದಪ್ಪ, ತೋರಿಸ್ತದೆ."

"ಕೈ ಇಡಂಗಿಲ್ವಾ?"

"ಇಟ್ರೆ ಸುಟ್ಟೋಗುತ್ತೆ."

"ನಾನು ಮೂವತ್ತು ವರ್ಷ ಇಟ್ಟಿದೀನಲ್ಲ" ಎಂದು ತನ್ನ ಅಂಗೈ ನೋಡಿಕೊಂಡ. ಆಮೇಲೆ, "ನಿಂಗೆ ಅದು ಬೇಡಾಗಿತ್ತು, ಅಲ್ವಾ? ಹೇಳಿದ್ರೆ ನಾನೇನ್ ಹೊಡೀತಿದ್ನಾ?" ಎಂದ. ಹೊಡೆಯುತ್ತಿರಲಿಲ್ಲ ಎಂದು ನನಗೂ ಗೊತ್ತಿತ್ತು. ತಪ್ಪಾಯಿತು ಎಂದೆ. "ಎದ್ದು ನೀರು ಕೊಡು" ಎಂದ, ಕೊಟ್ಟೆ.

ಆ ಸಂಜೆ ಅತ್ತೆ ನನ್ನ ಮುಂದೆ ಬಟ್ಟಲು ಇಟ್ಟು ಬೀಜ ಹಾಕಲು ಕೂರಿಸಿದಳಲ್ಲ, ನೀನು ನನ್ನನ್ನು ನೋಡಿ ನಕ್ಕೆ. ಬುದ್ಧಿ ತಿಳಿದ ಮೇಲೆ ಅಪ್ಪನ ಕೈ ಹಿಡಿದದ್ದು ಅದೇ ಮೊದಲು. ಅದಕ್ಕೇ ಎರಡು ಬೀಜ ತಪ್ಪಿದವು.

ಸಂಜೀವಪ್ಪ


ಹಲಸೂರು
೫ ಏಪ್ರಿಲ್ ೧೯೪೩

ಅಣ್ಣ,

ನನ್ನ ತಂತಿ ಸಿಕ್ಕಿರುತ್ತದೆ. ಶುಕ್ರವಾರ ಮಧ್ಯಾಹ್ನ ಅಪ್ಪ ಊಟ ಮಾಡಿ ಬಾಗಿಲ ಹತ್ತಿರ ಕೂತಿದ್ದ. ಅತ್ತೆ ತಟ್ಟೆ ತೊಳೆದು ಬಂದು ನೋಡಿದಾಗ ಗೋಡೆಗೆ ಒರಗಿದ್ದನಂತೆ, ನಿದ್ದೆ ಹತ್ತಿದೆ ಎಂದುಕೊಂಡಳಂತೆ. ನನಗೆ ಹೇಳಿ ಕಳಿಸಿದರು. ನಾನು ಬಂದು ಎದೆಗೆ ಕೊಳವೆ ಇಟ್ಟು ಪೂರ್ತಿ ಒಂದು ನಿಮಿಷ ಕೇಳಿದೆ. ಅತ್ತೆ ಪಕ್ಕದಲ್ಲಿ ಕೂತು ಕೈ ಹಿಡಿದಿದ್ದಳು. ಇಬ್ಬರಿಗೂ ಏನೂ ಸಿಗಲಿಲ್ಲ.

ಶನಿವಾರ ಮಣ್ಣು ಮಾಡಿದೆವು. ನಮ್ಮ ಬೌದ್ಧ ಸಂಘದ ಭಿಕ್ಷುಗಳು ಬಂದು ಸೂತ್ರ ಓದಿದರು. ಅಕ್ತರ್ ಸಾಹೇಬರು ಒಲೆ ಆರಿಸಿ ಬೇಕರಿಯವರನ್ನೆಲ್ಲ ಕರೆದುಕೊಂಡು ಬಂದಿದ್ದರು. ಮನೆಗೆ ಹಿಂತಿರುಗಿದಾಗ ನಿನ್ನ ಕಾಗದ ಬಂದಿತ್ತು. ಅದನ್ನು ಅತ್ತೆಗೂ ಓದಿ ಹೇಳಿದೆ.

ನಿನಗೆ ಗೊತ್ತಿಲ್ಲದ್ದು ಒಂದನ್ನು ನಾನೂ ಹೇಳುತ್ತೇನೆ. ನೀನು ಹೋದ ಮೇಲೆ ಅಪ್ಪ ಕಂಡವರಿಗೆಲ್ಲ ಎಂಜಿನ್ನಿನ ಪಾಠ ಹೇಳುತ್ತಿದ್ದ. ಅತ್ತೆಗೆ, "ಆ ಗಾಡಿಗೂ ಬಿಸಿ ತಿಳಿಯೋಕೆ ಮುಳ್ಳಿದೆಯಂತೆ ಕಣೆ" ಎಂದು ಎರಡು ಸಲ ಹೇಳಿದ. ಸಾಹೇಬರು ನೋಡಲು ಬಂದಾಗ, "ನನ್ ಮಗ ಮಿಲಿಟ್ರಿ ಲಾರಿ ರಿಪೇರಿ ಮಾಡ್ತಾನೆ" ಎಂದ. ಅವರಿಗೆ ಅದು ಎರಡೂವರೆ ವರ್ಷದಿಂದ ಗೊತ್ತು. ಹೊಸ ಸುದ್ದಿಯೆಂಬಂತೆ ಕೇಳಿದರು.

ಜನವರಿಯಲ್ಲಿ ನನ್ನ ಸುಳ್ಳು ಒಪ್ಪಿಕೊಂಡ ಆ ಕಾಗದ ಬರೆದು ಮುಗಿಸಿದ ಮೇಲೂ ಅಂಚೆಗೆ ಹಾಕಬೇಕೋ ಬೇಡವೋ ಎಂದು ಡಬ್ಬಿಯವರೆಗೆ ಹೋಗಿ ಒಮ್ಮೆ ವಾಪಸು ಬಂದಿದ್ದೆ. ಹಾಕದೇ ಇದ್ದಿದ್ದರೆ ನೀನು ಬರುತ್ತಿರಲಿಲ್ಲ. ಅಪ್ಪನದೆಂದು ನಿನ್ನ ಹತ್ತಿರ ಉಳಿಯುತ್ತಿದ್ದದ್ದು ನಾನು ಬರೆದ ಎಪ್ಪತ್ತಾರು ಮಾತ್ರ. ಇದನ್ನು ಯೋಚಿಸಿದಾಗೆಲ್ಲ ಅಳು ಬರುತ್ತದೆ.

ಆದಿಲಕ್ಷ್ಮಿ


ಜಬ್ಬಲ್ಪುರ
೧೩ ಏಪ್ರಿಲ್ ೧೯೪೩

ಆದಿ,

ತಂತಿ ಬಂದ ದಿನ ನನಗೆ ಕೆಲಸ ಕೊಡಲಿಲ್ಲ. ಮುನಿಆಂಜನಪ್ಪ ಜೊತೆಗೆ ಕೂತಿದ್ದ. ಅಪ್ಪನ ಬಗ್ಗೆ ಹೇಳು ಎಂದ, ಬ್ರೆಡ್ಡು ತೆಗೆಯುವ ಉದ್ದನೆಯ ಹಲಗೆಯಿಂದ ಶುರುಮಾಡಿ ಕತ್ತಲಾಗುವವರೆಗೆ ಹೇಳಿದೆ. ಮನೆಯಲ್ಲಿದ್ದ ಆ ಹನ್ನೊಂದು ದಿನ ನನ್ನ ಪಾಲಿಗೆ ಬಂದವಲ್ಲ, ಅದೇ ದೊಡ್ಡದು.

ಅತ್ತೆಗೆ ಬಟ್ಟೆಯ ವಿಷಯ ಹೇಳಬೇಡ, ಯಾವತ್ತೂ. ಆದರೆ ನೀನೊಬ್ಬಳೇ ಅದನ್ನು ಹೊತ್ತು ತಿರುಗಬೇಡ. ನೀನು ದೊಡ್ಡ ಸಿಸ್ಟರಿಗೆ ಹೇಳದೆ ನನಗಷ್ಟೇ ಹೇಳಿದ್ದು ಒಂದಿದೆಯಲ್ಲ, ಹತ್ತೊಂಬತ್ತು ಬರುವವರೆಗೆ ಎಣಿಸಿದ್ದು. ಅದು ನನ್ನಂಥ ಗ್ರೀಸಿನವನ ಹತ್ತಿರ ಇದ್ದು ಏನು ಉಪಯೋಗ?

ಸಂಜೀವಪ್ಪ


ಬೆಂಗಳೂರು ದಂಡು
೨೨ ಜೂನ್ ೧೯೪೩

ಅಣ್ಣ,

ನಿನ್ನ ಆ ಮಾತಿಗೆ ಉತ್ತರ ಬರೆಯಲು ಎರಡು ತಿಂಗಳು ಹಿಡಿಯಿತು. ನಡುವೆ ಬರೆದ ಕಾರ್ಡುಗಳಲ್ಲಿ ಮಳೆ, ಅಕ್ಕಿಯ ರೇಷನ್ನು, ಅತ್ತೆಯ ಮಂಡಿನೋವು ಎಲ್ಲ ಇದ್ದವು, ಇದು ಇರಲಿಲ್ಲ.

ಸಿಸ್ಟರಿಗೆ ಹೇಳಿದೆ. ಅವರು ಚಾರ್ಟುಗಳಿಗೆ ಗೆರೆ ಎಳೆಯುತ್ತಿದ್ದರು. ತಲೆ ಎತ್ತದೆ ಪೂರ್ತಿ ಕೇಳಿ, "ಸೋಮವಾರ ಹೊಸ ಹುಡ್ಗೀರು ಬರ್ತಾರೆ. ನಾಡಿ ನೋಡೋದನ್ನ ಅವ್ರಿಗೆ ನೀನೇ ಹೇಳ್ಕೊಡು" ಎಂದರು. ಇದು ಶಿಕ್ಷೆಯೋ ಬಡ್ತಿಯೋ ನನಗೆ ತಿಳಿಯಲಿಲ್ಲ. ಬದ್ರುನ್ನೀಸಾ ಎರಡೂ ಅಂತಾಳೆ.

ನಿನ್ನೆ ಆರು ಜನ ಬಂದಿದ್ದರು. ಕಾಲು ನಿಮಿಷ ಎಣಿಸಿ ಗುಣಿಸುವುದು ಬೇಡ, ಜ್ವರದ ರೋಗಿಗೆ ಪೂರ್ತಿ ನಿಮಿಷ ಎಣಿಸಿ ಎಂದೆ. ನಾಡಿ ಎಡವಿದರೆ ಇನ್ನೊಬ್ಬಳನ್ನು ಕರೆಯಿರಿ, ಒಬ್ಬಳು ಎದೆ, ಒಬ್ಬಳು ಕೈ, ಗಡಿಯಾರ ಒಂದೇ ಇರಲಿ ಎಂದೆ. ಎದೆಗೆ ಏನು ಕಟ್ಟಿದ್ದರೂ ಯಾರು ಕಟ್ಟಿದ್ದರೂ ಬಿಚ್ಚಿಯೇ ನೋಡಬೇಕು ಎಂದೆ. ಯಾಕೆಂದು ತಿಳಿಯಲೆಂದು ಜನವರಿಯಲ್ಲಿ ಬಂದಿದ್ದ ಒಬ್ಬ ರೋಗಿಯ ವಿಷಯ ಹೇಳಿದೆ. ಹೆಸರು ಹೇಳಲಿಲ್ಲ, ಒಂಬತ್ತನೇ ಮಂಚ ಎಂದಷ್ಟೇ ಹೇಳಿದೆ. ಬೇಕಾದ ಸಂಖ್ಯೆ ಬರುವವರೆಗೆ ಎಣಿಸಿದ ನರ್ಸಿನ ವಿಷಯವನ್ನೂ ಹೇಳಿದೆ.

ಹಿಂದೆ ನಿಂತಿದ್ದವಳು ಒಬ್ಬಳು, ಅಣ್ಣಮ್ಮ ಎಂದು ಹೆಸರು, ಸ್ವಲ್ಪ ಗಟ್ಟಿ ಬಾಯಿ, ಮುಂದೆ ಬಂದು ಕೇಳಿದಳು. "ಅಕ್ಕ, ಅಂಥವ್ರನ್ನ ಇನ್ನೂ ಕೆಲಸದಲ್ಲಿ ಇಟ್ಕೊಂಡಿದಾರಾ? ಯಾರದು?"

"ನಾನು" ಎಂದೆ. "ಒಂಬತ್ತನೇ ಮಂಚದಲ್ಲಿದ್ದದ್ದು ನಮ್ಮಪ್ಪ."

ಅವಳು ತಲೆ ತಗ್ಗಿಸಿದಳು. ಅಣ್ಣಮ್ಮನನ್ನು ನನ್ನ ಜೋಡಿ ಮಾಡಿಕೊಂಡೆ, ಉಳಿದವರನ್ನು ಇಬ್ಬಿಬ್ಬರಾಗಿ ಬಿಟ್ಟೆ, ಒಂದನೇ ಮಂಚದಿಂದ ಎಣಿಸುತ್ತಾ ಹೋದೆವು.

ನಿನ್ನ ತಂಗಿ,
ಆದಿಲಕ್ಷ್ಮಿ